ಮೊದಲು ಮೇಲಿನ ಬೋಲ್ಟ್ ಬಿಚ್ಚಿ

ಗಾಡಿ ಇಟ್ಟುಕೊಂಡಿರೋ ಯಾರನ್ನಾದರೂ ಕೇಳಿ ನೋಡಿ, ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ. ತಿಂಗಳು, ಕಿಲೋಮೀಟರು ಎರಡೂ ನಾಲಗೆ ತುದಿಯಲ್ಲೇ ಇರುತ್ತೆ. ಅವರನ್ನೇ ಕ್ರೌನ್ ಆಯಿಲ್ ಯಾವಾಗ ಬದಲಾಯಿಸಿದ್ರಿ ಅಂತ ಕೇಳಿ. ಬಹಳ ಮಂದಿ ಮುಖ ಮುಖ ನೋಡ್ತಾರೆ. ಸಿಗ್ನಲ್ಲಿನಲ್ಲಿ ಗೂಡ್ಸ್ ಪಿಕಪ್ ಹಿಂದೆ ನಿಂತಾಗ ಒಮ್ಮೆ ಗಮನಿಸಿ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಉಬ್ಬು ಕಾಣುತ್ತೆ. ಅದೇ ಡಿಫ್ರೆನ್ಶಿಯಲ್. ಮೆಕ್ಯಾನಿಕ್‌ಗಳ ಬಾಯಲ್ಲಿ ಕ್ರೌನ್ ಅಥವಾ ಹೌಸಿಂಗ್. ಅದರೊಳಗಿನ ಎರಡು ಲೀಟರ್ ಆಸುಪಾಸಿನ ಆಯಿಲ್ ಬಗ್ಗೆ ಈ ವಾರದ ಮಾತು.

ಬೆಂಗಳೂರಲ್ಲಿ ಕಾರಿಟ್ಟುಕೊಂಡವರಿಗೆ ಇದು ಯಾಕೆ ಅಂತ ಅನ್ನಿಸಬಹುದು. ಆದರೆ ಈ ಅಂಕಣ ಓದೋರಲ್ಲಿ ಎಷ್ಟೋ ಜನರ ಊರಿನ ಮನೆ ಮುಂದೆ ಒಂದು ಪಿಕಪ್ ನಿಂತಿರುತ್ತೆ. ಅಪ್ಪನದೋ, ಅಣ್ಣನದೋ, ಮಾವನದೋ. ಆ ಗಾಡಿ ಓಡಿದರೆ ಮನೆ ನಡೆಯುತ್ತೆ. ನಮ್ಮ ಮನೆಯಲ್ಲಿ ಅದು ಚಿಕ್ಕಪ್ಪನ ಗಾಡಿ. ಕೋಲಾರ ಜಿಲ್ಲೆಯ ನಮ್ಮೂರಿನಿಂದ ಕೋಲಾರದ ಮಂಡಿಗೆ ಟೊಮೆಟೊ ಹೊಡೆಯೋದು ಅದರ ಕೆಲಸ. ಒಂದು ಕ್ರೇಟಿಗೆ 15 ಕಿಲೋ. ನೂರು ಕ್ರೇಟು ಅಂದ್ರೆ ಒಂದೂವರೆ ಟನ್, ಕ್ರೇಟಿನ ತೂಕ ಬೇರೆ.

ಆ ಗಾಡಿ ಹಿಂದಿನಿಂದ ಕೊರಗೋಕೆ ಶುರು ಮಾಡಿತ್ತು. ವೇಗ 40 ದಾಟಿದರೆ ‘ಊಂ’ ಅಂತ ಒಂದೇ ರಾಗ. ಕಾಲು ತೆಗೆದರೆ ರಾಗ ಬದಲಾಗೋದು. ಗೇರ್ ಬದಲಿಸಿದರೂ ಹೋಗ್ತಿರಲಿಲ್ಲ, ಗಾಡಿಯ ವೇಗದ ಜೊತೆಗೇ ಏರಿ ಇಳೀತಿತ್ತು. ಹಾಗಿದ್ದರೆ ಸದ್ದು ಎಂಜಿನ್‌ನದ್ದಲ್ಲ, ಹಿಂದಿನ ಆಕ್ಸಲ್‌ನದ್ದು ಅನ್ನೋ ಅನುಮಾನ ಬಲವಾಗುತ್ತೆ. ಗ್ಯಾರೇಜಲ್ಲಿ ‘ಕ್ರೌನ್ ಪಿನಿಯನ್ ಹೋಗಿರಬಹುದು, ಬಿಚ್ಚಿ ನೋಡಬೇಕು’ ಅಂದರಂತೆ. ಹೇಳಿದ ಅಂದಾಜು ಗಾಡಿ ಸಾಲದ ಒಂದು ಕಂತಿಗಿಂತ ಜಾಸ್ತಿ, ಮೇಲೆ ಮೂರು ದಿನ ಗಾಡಿ ನಿಲ್ಲಿಸಬೇಕು. ಕಟಾವಿನ ಕಾಲದಲ್ಲಿ ಮೂರು ದಿನ! ಟೊಮೆಟೊ ಯಾರಿಗೂ ಕಾಯಲ್ಲ.

ಚಿಕ್ಕಪ್ಪ ಫೋನ್ ಮಾಡಿದರು. ‘ನೀನು ಓದಿದ್ದು ಮೆಕ್ಯಾನಿಕಲ್ ಅಲ್ವೇನಪ್ಪಾ, ಬಂದು ಒಂದ್ಸಲ ನೋಡು.’ ಓದಿದ್ದು ಹೌದು, ಹೊಟ್ಟೆ ತುಂಬಿಸ್ತಿರೋದು ಸಾಫ್ಟ್‌ವೇರ್. ಆದರೂ ಆಕ್ಸಲ್ ಬಿಚ್ಚಿಸೋ ಮೊದಲು ಅದರೊಳಗಿನ ಆಯಿಲ್ ಏನು ಹೇಳುತ್ತೆ ಅಂತ ಕೇಳೋಣ, ಅದಕ್ಕೆ ಭಾನುವಾರದ ಅರ್ಧ ದಿನ ಸಾಕು ಅಂದೆ.

ಮೊದಲು ಆ ಉಬ್ಬಿನೊಳಗೆ ಏನಿದೆ ಅಂತ ನೋಡೋಣ. ಗಾಡಿ ತಿರುಗುವಾಗ ಒಳಗಿನ ಚಕ್ರಕ್ಕಿಂತ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಎಷ್ಟು ಹೆಚ್ಚು? ಎರಡು ಚಕ್ರಗಳ ನಡುವೆ 1.4 ಮೀಟರ್ ಅಂತರ ಇದ್ದರೆ, 90 ಡಿಗ್ರಿಯ ಒಂದು ತಿರುವಿಗೆ ಸುಮಾರು 2.2 ಮೀಟರ್. ತಿರುವು ಅಗಲವಾಗಿರಲಿ, ಇಕ್ಕಟ್ಟಾಗಿರಲಿ, ಲೆಕ್ಕ ಅಷ್ಟೇ. ಪಿಕಪ್‌ನ ಟೈರಿನ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಊರ ಮೂಲೆಯ ಒಂದೊಂದು ತಿರುವಿನಲ್ಲೂ ಹೊರಚಕ್ರ ಒಂದು ಸುತ್ತು ಜಾಸ್ತಿ ಹಾಕುತ್ತೆ.

ಎತ್ತಿನ ಗಾಡಿಗೆ ಈ ತಲೆನೋವಿಲ್ಲ. ಅದರ ಎರಡು ಚಕ್ರಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಎಳೆಯೋರು ಮುಂದಿದ್ದಾರೆ. ಎಂಜಿನ್ ಗಾಡಿಯಲ್ಲಿ ಚಕ್ರಗಳನ್ನೇ ತಿರುಗಿಸಬೇಕು, ಆದರೆ ಎರಡಕ್ಕೂ ಬೇರೆ ಬೇರೆ ವೇಗಕ್ಕೆ ಅವಕಾಶ ಇರಬೇಕು. ಅದಕ್ಕೆ ಉಪಾಯವಾಗಿ ಬಂದದ್ದೇ ಡಿಫ್ರೆನ್ಶಿಯಲ್. ಫ್ರಾನ್ಸಿನ ಗಡಿಯಾರ ಕಸುಬಿನ ಒನೆಸಿಫೋರ್ ಪೆಕೆರ್ ಎಂಬಾತ 1820ರ ದಶಕದ ಕೊನೆಯಲ್ಲಿ ಉಗಿಗಾಡಿಗಾಗಿ ಇದಕ್ಕೆ ಪೇಟೆಂಟ್ ಪಡೆದ. ಆಗಿನ್ನೂ ಪೆಟ್ರೋಲ್ ಕಾರೇ ಹುಟ್ಟಿರಲಿಲ್ಲ.

ಎಂಜಿನ್ ಕಡೆಯಿಂದ ಬರೋ ಉದ್ದನೆಯ ಶಾಫ್ಟಿನ ತುದಿಯಲ್ಲಿ ಒಂದು ಪುಟ್ಟ ಹಲ್ಲುಚಕ್ರ, ಅದು ಪಿನಿಯನ್. ಅದು ತಿರುಗಿಸೋ ತಟ್ಟೆಯಂಥ ದೊಡ್ಡ ಹಲ್ಲುಚಕ್ರವೇ ಕ್ರೌನ್. ಕ್ರೌನ್ ಜೊತೆಯಲ್ಲೇ ಸುತ್ತೋ ಪೆಟ್ಟಿಗೆಯಲ್ಲಿ ಇನ್ನಷ್ಟು ಚಿಕ್ಕ ಹಲ್ಲುಚಕ್ರಗಳು, ಶಕ್ತಿಯನ್ನು ಎಡಕ್ಕೂ ಬಲಕ್ಕೂ ಹಂಚೋಕೆ. ಈಗಿನ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಪಿನಿಯನ್ ಕ್ರೌನಿನ ನಟ್ಟನಡುವೆ ಇರಲ್ಲ, ಸ್ವಲ್ಪ ಕೆಳಗೆ ಇರುತ್ತೆ. ಇದನ್ನು ಹೈಪಾಯಿಡ್ ಅಂತಾರೆ. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಿಂದ ಇದು ಬಳಕೆಗೆ ಬಂತು. ಸದ್ದು ಕಮ್ಮಿ, ಬಲ ಜಾಸ್ತಿ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳೋದಷ್ಟೇ ಅಲ್ಲ, ಭಾರ ಹೊತ್ತುಕೊಂಡು ಜಾರುತ್ತವೆ, ಉಜ್ಜುತ್ತವೆ. ಮಾಮೂಲಿ ಎಣ್ಣೆಯ ಪದರ ಅಲ್ಲಿ ಹಿಂಡಿಹೋಗುತ್ತೆ.

ಅದಕ್ಕೇ ಇಲ್ಲಿನ ಆಯಿಲ್ ಬೇರೆ. ಡಬ್ಬದ ಮೇಲೆ ಜಿಎಲ್-5 ಅಂತ ಇರುತ್ತೆ, ಜೊತೆಗೆ 80ಡಬ್ಲ್ಯೂ-90 ಅಥವಾ 85ಡಬ್ಲ್ಯೂ-140 ಥರದ ದಪ್ಪದ ಅಳತೆ. ಮುಚ್ಚಳ ತೆಗೆದರೆ ಬರೋ ಗಂಧಕದ ಘಾಟು ಕಲಬೆರಕೆಯ ಗುರುತಲ್ಲ. ಗಂಧಕ, ರಂಜಕದ ಸಂಯುಕ್ತಗಳೇ ಅದರ ಮದ್ದು. ಒತ್ತಡ, ಬಿಸಿ ಏರಿದಾಗ ಅವು ಹಲ್ಲಿನ ಮೈಮೇಲೆ ತೆಳುವಾದ ಪೊರೆ ಕಟ್ಟಿ, ಲೋಹದ ಬದಲು ತಾವು ಸವೆಯುತ್ತವೆ. ಅದೇ ಮದ್ದು ಕೆಲವು ಗೇರ್‌ಬಾಕ್ಸ್‌ಗಳ ಹಿತ್ತಾಳೆ ಭಾಗಗಳಿಗೆ ಆಗಿಬರಲ್ಲ. ಆದ್ದರಿಂದ ಉಳಿದ ಆಯಿಲ್ ದಂಡ ಯಾಕೆ ಅಂತ ಗೇರ್‌ಬಾಕ್ಸಿಗೆ ಸುರಿಯಬೇಡಿ. ಯಾವ ಆಯಿಲ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಮ್ಯಾನ್ಯುಯಲ್ ನೋಡಿ. ಭಾರ ಹೊರೋ ಗಾಡಿಗೆ, ನೀರಲ್ಲಿ ಇಳಿಯೋ ಗಾಡಿಗೆ ಗಡುವು ಬೇಗ ಬರುತ್ತೆ. ಲಾಕ್ ಆಗೋ ಡಿಫ್ರೆನ್ಶಿಯಲ್ ಇದ್ದರಂತೂ ಮ್ಯಾನ್ಯುಯಲ್ ಹೇಳಿದ್ದನ್ನೇ ಹಾಕಬೇಕು.

ಈಗ ಕೆಲಸ. ಅದಕ್ಕೂ ಮೊದಲು ಜೀವ.

ಖಾಲಿ ಪಿಕಪ್‌ನ ಕೆಳಗೆ ಒಂದು ಗೋಣಿಚೀಲ ಹಾಸಿಕೊಂಡು ನುಸುಳಬಹುದು, ಜಾಕ್ ಬೇಕಿಲ್ಲ. ಅದೇ ಒಳ್ಳೇದು, ಯಾಕಂದ್ರೆ ಆಯಿಲ್ ಮಟ್ಟ ಸರಿಯಾಗಿ ತಿಳಿಯೋಕೆ ಗಾಡಿ ಸಮತಟ್ಟಾಗೇ ನಿಂತಿರಬೇಕು. ಎತ್ತಲೇಬೇಕಾದರೆ ಒಂದು ಮಾತು ನೆನಪಿರಲಿ. ಹಿಂದಿನ ಒಂದೇ ಚಕ್ರ ಎತ್ತಿ, ಗಾಡಿ ಗೇರಲ್ಲಿದೆ, ಎಲ್ಲಿಗೆ ಹೋಗುತ್ತೆ ಅಂದುಕೊಳ್ಳೋರಿದ್ದಾರೆ. ಹೋಗುತ್ತೆ. ಡಿಫ್ರೆನ್ಶಿಯಲ್ ಇರೋದೇ ಎರಡು ಚಕ್ರಗಳು ಬೇರೆ ಬೇರೆ ತಿರುಗಲಿ ಅಂತ. ನೆಲದಲ್ಲಿರೋ ಚಕ್ರ ಉರುಳಿದರೆ, ಗಾಳಿಯಲ್ಲಿರೋದು ಉಲ್ಟಾ ತಿರುಗಿ ದಾರಿ ಬಿಡುತ್ತೆ. ಹಿಂದಿನ ಎರಡೂ ಚಕ್ರ ಎತ್ತಿದರೆ ಹ್ಯಾಂಡ್‌ಬ್ರೇಕೂ ಲೆಕ್ಕಕ್ಕಿಲ್ಲ, ಸಾಮಾನ್ಯವಾಗಿ ಅದು ಹಿಡಿಯೋದು ಹಿಂದಿನ ಚಕ್ರಗಳನ್ನೇ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಕಲ್ಲು ಕೊಡಿ. ಆಕ್ಸಲ್ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಒಳಗೆ ಹೋಗೋದು ಬೇಡ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಅವು ಹೇಳದೆ ಕೇಳದೆ ಪುಡಿಯಾಗುತ್ತವೆ. ಬೀಗದ ಕೈ ನಿಮ್ಮ ಜೇಬಲ್ಲೇ ಇರಲಿ. ಮನೆಯಲ್ಲಿ ಮಕ್ಕಳಿದ್ದಾರೆ.

ಹೌಸಿಂಗ್‌ನಲ್ಲಿ ಎರಡು ಬೋಲ್ಟ್ ಇರುತ್ತೆ. ಕೆಳಗಿನದು ಹಳೇ ಆಯಿಲ್ ಇಳಿಸೋಕೆ, ಮೇಲಿನದು ಹೊಸದು ತುಂಬೋಕೆ. ಸಹಜವಾಗಿ ಕೈ ಹೋಗೋದು ಕೆಳಗಿನದಕ್ಕೆ. ಅಲ್ಲೇ ನಿಲ್ಲಿಸಿ. ಮೊದಲು ಮೇಲಿನದನ್ನು ಬಿಚ್ಚಿ.

ಕಾರಣ ಸರಳ. ಮೇಲಿನ ಬೋಲ್ಟ್ ವರ್ಷಗಟ್ಟಲೆ ಯಾರೂ ಮುಟ್ಟದೆ ತುಕ್ಕು ಕಚ್ಚಿಕೊಂಡಿರಬಹುದು, ಮೂಲೆ ಸವೆದು ಗುಂಡಗಾಗಿರಬಹುದು. ಕೆಳಗಿನಿಂದ ಆಯಿಲ್ ಪೂರ್ತಿ ಇಳಿಸಿದ ಮೇಲೆ ಇದು ಗೊತ್ತಾದರೆ? ಗಾಡಿಯೊಳಗೆ ಆಯಿಲ್ ಇಲ್ಲ, ತುಂಬೋಕೆ ದಾರಿಯಿಲ್ಲ, ಗ್ಯಾರೇಜ್‌ವರೆಗೆ ಓಡಿಸೋಕೂ ಆಗಲ್ಲ. ಮೇಲಿನದು ಮೊದಲೇ ಬರದಿದ್ದರೆ ನಷ್ಟವೇನಿಲ್ಲ, ಹಳೇ ಆಯಿಲ್ ಒಳಗೇ ಇದೆ, ಗಾಡಿ ಸೋಮವಾರ ಮಾಮೂಲಿನಂತೆ ಮಂಡಿಗೆ ಹೋಗುತ್ತೆ. ತುಂಬೋ ದಾರಿ ಖಾತ್ರಿಯಾಗೋವರೆಗೆ ಖಾಲಿ ಮಾಡಬಾರದು. ನಮ್ಮ ಆಫೀಸಲ್ಲೂ ಹಳೇ ಡೇಟಾ ಅಳಿಸೋ ಮೊದಲು ಬ್ಯಾಕಪ್ ವಾಪಸ್ ಬರುತ್ತಾ ಅಂತ ನೋಡ್ತೀವಿ. ಬ್ಯಾಕಪ್ ಇದೆ ಅನ್ನೋದು ಬೇರೆ, ಅದು ತೆರೆಯುತ್ತೆ ಅನ್ನೋದು ಬೇರೆ.

ನಮ್ಮ ಗಾಡಿಯ ಮೇಲಿನ ಬೋಲ್ಟ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತಂತಿ ಬ್ರಷ್ಷಿನಲ್ಲಿ ಮಣ್ಣು ಉಜ್ಜಿ, ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಶನಿವಾರ ರಾತ್ರಿಯೇ ಬಿಟ್ಟಿದ್ದೆವು. ಬೆಳಿಗ್ಗೆ ಇನ್ನೊಂದು ಸಲ ಹೊಡೆದು, ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಕೂರಿಸಿ, ಅದಕ್ಕೆ ಪೈಪ್ ಸೇರಿಸಿ ಒತ್ತಿದಾಗ ‘ಟಕ್’ ಅಂತು. ಆ ಸದ್ದಿಗೆ ಚಿಕ್ಕಪ್ಪ ಗಾಡಿಯ ಆಚೆಯಿಂದಲೇ ‘ಬಂತಾ?’ ಅಂದರು. ತೆರೆದ ಬಾಯಿಯ ಸ್ಪ್ಯಾನರ್ ಇಂಥ ಕಡೆ ಬಳಸಬೇಡಿ, ಬೋಲ್ಟಿನ ಮೂಲೆ ಸವೆದು ಹೋಗುತ್ತೆ.

ಆಮೇಲೆ ಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಿ ತಂದೆವು, ಮೇಲಿನ ಬೋಲ್ಟ್ ಹಾಕಿಕೊಂಡೇ. ಬೆಚ್ಚಗಾದ ಆಯಿಲ್ ಸಲೀಸಾಗಿ ಇಳಿಯುತ್ತೆ, ತಳದ ಕಸವನ್ನೂ ತರುತ್ತೆ. ಮತ್ತೆ ಮೇಲಿನದನ್ನು ತೆಗೆದು, ಅಗಲವಾದ ಬಾಂಡಲಿ ಇಟ್ಟು ಕೆಳಗಿನದನ್ನು ಬಿಚ್ಚಿದೆ. ಕೈಗೆ ಗ್ಲೌಸ್ ಇರಲಿ, ಆಯಿಲ್ ಬಿಸಿ ಇರುತ್ತೆ.

ಹೊಸ ಗೇರ್ ಆಯಿಲ್ ಜೇನಿನ ಬಣ್ಣ. ದುಡಿದ ಆಯಿಲ್ ಕಪ್ಪಗಿರುತ್ತೆ, ಅದು ಸಹಜ. ನಮ್ಮ ಗಾಡಿಯಿಂದ ಇಳಿದದ್ದು ಎರಡೂ ಅಲ್ಲ. ಹಾಲು ಹೆಚ್ಚಾದ ಕಾಫಿಯ ಬಣ್ಣ! ಅಂದರೆ ಒಳಗೆ ನೀರು ಸೇರಿ, ಹಲ್ಲುಚಕ್ರಗಳು ಅದನ್ನು ಆಯಿಲ್ ಜೊತೆ ಮೊಸರಿನ ಹಾಗೆ ಕಡೆದುಬಿಟ್ಟಿವೆ. ಆ ಮಿಶ್ರಣ ಹಲ್ಲುಗಳನ್ನು ಕಾಯಲ್ಲ, ಬೇರಿಂಗ್‌ಗೆ ತುಕ್ಕು ಹಿಡಿಸುತ್ತೆ.

ಇನ್ನೊಂದು ಸಾಕ್ಷಿ ಕೆಳಗಿನ ಬೋಲ್ಟಿನ ತುದಿಯಲ್ಲಿತ್ತು. ಅನೇಕ ಗಾಡಿಗಳಲ್ಲಿ ಅಲ್ಲೊಂದು ಅಯಸ್ಕಾಂತ ಇರುತ್ತೆ, ಸವೆದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳೋಕೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಕಿಲ್ಲ, ಎಲ್ಲ ಹಲ್ಲೂ ಸ್ವಲ್ಪ ಸವೆಯುತ್ತೆ. ಚೂರು, ಚಕ್ಕೆ, ಮುರಿದ ಹಲ್ಲಿನ ತುಂಡು ಸಿಕ್ಕರೆ ಅಲ್ಲಿಗೆ ಮನೆ ಕೆಲಸ ಮುಗೀತು, ಗಾಡಿ ಗ್ಯಾರೇಜಿಗೇ ಹೋಗಬೇಕು. ನಮ್ಮದರಲ್ಲಿ ಪೇಸ್ಟ್ ದಪ್ಪಗಿತ್ತು, ಬೆರಳಲ್ಲಿ ತಿಕ್ಕಿದರೆ ಸಣ್ಣ ಮರಳಿನಂತೆ ತಾಗ್ತಿತ್ತು. ಚಕ್ಕೆ ಇರಲಿಲ್ಲ. ಸವೆದಿದೆ, ಮುರಿದಿಲ್ಲ.

ನೀರು ಹೋಗಿದ್ದು ಎಲ್ಲಿಂದ? ಆಕ್ಸಲ್ ಮೇಲೆ ಒಂದು ಪುಟ್ಟ ಟೋಪಿ ಇರುತ್ತೆ, ಬ್ರೀದರ್ ಅಂತ. ಕೆಲವು ಗಾಡಿಗಳಲ್ಲಿ ಅದನ್ನು ಪೈಪ್ ಹಾಕಿ ಎತ್ತರಕ್ಕೆ ಒಯ್ದಿರುತ್ತಾರೆ. ಆಕ್ಸಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗೋಕೆ, ತಣ್ಣಗಾದಾಗ ಒಳಬರೋಕೆ ಅದೇ ಮೂಗು. ನಮ್ಮ ಗಾಡಿಯ ಮೂಗು ಕೆಸರು ಮೆತ್ತಿ ಕಟ್ಟಿಹೋಗಿತ್ತು. ‘ಕೆರೆ ಕೋಡಿ ಹರಿಯೋವಾಗ ದಾಟಿದ್ರಾ?’ ಅಂತ ಕೇಳಿದೆ. ‘ದಾಟದೆ? ಆ ಕಡೆ ತೋಟದೋರ ಮಾಲು ಯಾರು ತರ್ತಾರೆ? ನೀರು ಚಕ್ರದ ಅರ್ಧಕ್ಕೆ ಇತ್ತು ಅಷ್ಟೆ’ ಅಂದರು. ಓಡಿ ಬಂದ ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತೆ. ಉಸಿರೆಳೆಯೋಕೆ ಮೂಗಿಲ್ಲದಾಗ ಸೀಲ್‌ಗಳ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತೆ. ಬ್ರೀದರ್ ಬಿಚ್ಚಿ, ಡೀಸೆಲಲ್ಲಿ ತೊಳೆದು, ಊದಿ ನೋಡಿ ಹಾಕಿದೆವು. ಇಡೀ ಕೆಲಸದಲ್ಲಿ ಖರ್ಚಿಲ್ಲದ ಭಾಗ ಇದು, ಬಹುಶಃ ಮುಖ್ಯವಾದದ್ದೂ ಇದೇ.

ತುಂಬೋದು ನಿಧಾನದ ಕೆಲಸ. ತೂತು ಅಡ್ಡಕ್ಕಿರುತ್ತೆ, ಬಾಟಲಿ ಬಗ್ಗಿಸೋಕೆ ಜಾಗ ಇರಲ್ಲ. ಊರಿನ ಟ್ರ್ಯಾಕ್ಟರ್ ಶೆಡ್ಡಿನಿಂದ ಕೈಪಂಪ್ ಕೇಳಿ ತಂದಿದ್ದೆವು. ಕೆಳಗಿನ ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಗಿದು, ಮೇಲಿನ ತೂತಿನಿಂದ ಪಂಪ್ ಮಾಡ್ತಾ ಹೋಗಬೇಕು. ಆಯಿಲ್ ಆ ತೂತಿನ ಅಂಚಿಗೆ ಬಂದು ತಾನಾಗೇ ಹೊರಗೆ ಜಿನುಗೋಕೆ ಶುರುವಾದರೆ ಸಾಕು. ಜಿನುಗೋದು ನಿಂತ ಮೇಲೆ ಬೋಲ್ಟ್ ಹಾಕಿ. ಜಾಸ್ತಿ ಇರಲಿ ಅಂತ ತುರುಕಬೇಡಿ, ಹೆಚ್ಚಾದದ್ದು ಸೀಲ್ ಒಡೆದು ಬ್ರೇಕ್ ಮೇಲೆ ಬರಬಹುದು. ನೀರು ಸೇರಿದ್ದರಿಂದ ನಾವು ಒಂದು ಸಲಕ್ಕೆ ಬಿಡಲಿಲ್ಲ. 20 ಕಿಲೋಮೀಟರ್ ಖಾಲಿ ಓಡಿಸಿ, ಇನ್ನೂ ಸ್ವಲ್ಪ ಮಬ್ಬಾಗಿದ್ದ ಆ ಆಯಿಲನ್ನೂ ಇಳಿಸಿ, ಮತ್ತೆ ಹೊಸದು ತುಂಬಿದೆವು.

ಇಳಿಸಿದ ಆಯಿಲ್ ಎಲ್ಲಿಗೆ? ನಮ್ಮ ಕಡೆ ಗೆದ್ದಲು ಹತ್ತದಿರಲಿ ಅಂತ ಬೇಲಿ ಕಂಬಕ್ಕೆ ಬಳಿಯೋ ರೂಢಿ ಇದೆ, ಮಿಕ್ಕಿದ್ದನ್ನು ಚರಂಡಿಗೆ ಚೆಲ್ಲೋದೂ ಇದೆ. ಅದು ಮಣ್ಣಿಗಿಳಿಯುತ್ತೆ, ನೀರಿಗೆ ಸೇರುತ್ತೆ, ಮತ್ತು ನಾವು ಅದೇ ನೆಲದಿಂದ ಕೊಳವೆಬಾವಿಯ ನೀರು ಕುಡಿಯೋರು. ಅಪಾಯಕಾರಿ ತ್ಯಾಜ್ಯಗಳ ಬಗ್ಗೆ 2016ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಖಾಲಿಯಾದ ಹೊಸ ಆಯಿಲ್ ಡಬ್ಬಗಳಿಗೇ ಹಳೇದನ್ನು ತುಂಬಿ, ಹಳೇ ಆಯಿಲ್ ಸಂಗ್ರಹಿಸೋ ಗ್ಯಾರೇಜಿಗೆ ಕೊಟ್ಟು ಬಂದೆವು.

ಹಾಗಾದ್ರೆ ಸದ್ದು ಹೋಯ್ತಾ? ಪೂರ್ತಿ ಹೋಗಲಿಲ್ಲ. ಕಮ್ಮಿಯಾಯ್ತು. ಮೊದಲು 40ಕ್ಕೆ ಕೇಳ್ತಿದ್ದದ್ದು ಈಗ 55ರ ಮೇಲೆ ಮೆಲ್ಲಗೆ ಕೇಳುತ್ತೆ. ಆಯಿಲ್ ಮುಂದಿನ ಸವೆತವನ್ನು ತಡೆಯಬಲ್ಲದು, ಸವೆದ ಹಲ್ಲನ್ನು ಮತ್ತೆ ಬೆಳೆಸಲಾರದು. ಇದನ್ನು ಚಿಕ್ಕಪ್ಪನಿಗೆ ಹೇಳೋದು ಬೋಲ್ಟ್ ಬಿಚ್ಚೋದಕ್ಕಿಂತ ಕಷ್ಟವಾಯ್ತು. ಯಾಕಂದ್ರೆ ಅದರ ಜೊತೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು. ಅವರು ಹಾಕ್ತಿದ್ದದ್ದು 120 ಕ್ರೇಟು. ಟೊಮೆಟೊ ಒಂದೇ 1,800 ಕಿಲೋ. ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ಒಟ್ಟು ತೂಕ ಎರಡೂ ಬರೆದಿರುತ್ತೆ. ಎರಡನ್ನೂ ಕಳೆದರೆ ಎಷ್ಟು ಹೊರಬಹುದು ಅನ್ನೋದು ಗೊತ್ತಾಗುತ್ತೆ, ಅದರಲ್ಲಿ ಡ್ರೈವರ್ ತೂಕವೂ ಸೇರಿದೆ.

‘20 ಕ್ರೇಟು ಇಳಿಸಿದ್ರೆ ಡೀಸೆಲ್ ದುಡ್ಡು ಎಲ್ಲಿಂದ ಬರ್ತದಪ್ಪಾ?’ ಅಂದರು. ಅವರ ಲೆಕ್ಕ ಸುಳ್ಳಲ್ಲ. ಬಾಡಿಗೆ ಬರೋದು ಕ್ರೇಟಿನ ಮೇಲೆ, ಕಂತು ಕಟ್ಟೋದು ತಿಂಗಳ ಮೇಲೆ. ನಾನು ವಾದ ಮಾಡಲಿಲ್ಲ. ಒರೆಸದೆ ಕಾಗದದ ಮೇಲೆ ಇಟ್ಟಿದ್ದ ಆ ಬೂದು ಪೇಸ್ಟನ್ನು ಅವರ ಕೈಗೆ ಹಚ್ಚಿದೆ. ‘ಇದು ನಿಮ್ಮ ಕ್ರೌನ್, ಚಿಕ್ಕಪ್ಪ. ಇಷ್ಟು ಅದರಿಂದ ಹೊರಟುಹೋಗಿದೆ.’ ಅವರು ಹೆಬ್ಬೆರಳಲ್ಲಿ ತಿಕ್ಕಿ ನೋಡ್ತಾ ಸುಮಾರು ಹೊತ್ತು ನಿಂತಿದ್ದರು. ಆಮೇಲೆ ‘ನೂರರ ಮೇಲೆ ಹಾಕಲ್ಲ ಬಿಡು. ಸೀಸನ್ ಮುಗೀಲಿ, ಆಮೇಲೆ ಬಿಚ್ಚಿಸಿ ನೋಡೋಣ’ ಅಂದರು. ಗ್ಯಾರೇಜಿಗೆ ಹೋಗೋದು ತಪ್ಪಲಿಲ್ಲ, ಆದರೆ ಯಾವಾಗ ಅನ್ನೋದು ಈಗ ಅವರ ಕೈಯಲ್ಲಿದೆ. ದುಡಿಯೋ ಮನೆಗೆ ಅದು ಸಣ್ಣ ವಿಷಯವಲ್ಲ.

ಎರಡು ಸಲದ ಆಯಿಲ್, ವಾಷರ್, ಸ್ಪ್ರೇ ಸೇರಿ ಆದ ಖರ್ಚು ಗ್ಯಾರೇಜಿನ ಅಂದಾಜಿನ ಹತ್ತಿರಕ್ಕೂ ಬರಲಿಲ್ಲ. ಹಾಗಂತ ಎಲ್ಲರೂ ಮನೆಯಲ್ಲೇ ಮಾಡಿ ಅನ್ನೋದಿಲ್ಲ. ಸಮತಟ್ಟು ಜಾಗ, ಸರಿಯಾದ ಸ್ಪ್ಯಾನರ್, ಪಂಪ್ ಇಲ್ಲದಿದ್ದರೆ ಗ್ಯಾರೇಜೇ ವಾಸಿ. ಅಲ್ಲಿ ಮಾಡಿಸುವಾಗಲೂ ಪಕ್ಕದಲ್ಲಿ ನಿಂತು ಇಳಿದ ಆಯಿಲಿನ ಬಣ್ಣ, ಅಯಸ್ಕಾಂತದ ತುದಿ, ಬ್ರೀದರ್ ಮೂರನ್ನೂ ತೋರಿಸಿ ಅಂತ ಕೇಳಿ. ಕೋಡಿ ನೀರು ದಾಟಿದ ವಾರದೊಳಗೆ ಆಯಿಲ್ ಬಣ್ಣ ನೋಡೋದನ್ನು ರೂಢಿ ಮಾಡಿಕೊಳ್ಳಿ. ಕೆಸರಲ್ಲಿ ಸಿಕ್ಕಿ ಒಂದೇ ಚಕ್ರ ಗಿರಗಿರ ತಿರುಗ್ತಿದ್ದರೆ ಆಕ್ಸಿಲರೇಟರ್ ಒತ್ತಬೇಡಿ, ಆಗ ಒಳಗಿನ ಚಿಕ್ಕ ಹಲ್ಲುಚಕ್ರಗಳು ಎಣ್ಣೆ ಸಾಲದೆ ಬೇಯುತ್ತವೆ. ಇಳಿದು ಚಕ್ರದ ಕೆಳಗೆ ಕಲ್ಲು, ಸೊಪ್ಪು ಹಾಕಿ.

ಮುಂದಿನ ಸಲ ಊರಿಗೆ ಹೋದಾಗ ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಕಲ್ಲು ಕೊಟ್ಟು, ಗಾಡಿ ತಣ್ಣಗಿರುವಾಗ ಮೇಲಿನ ಬೋಲ್ಟ್ ಒಂದನ್ನೇ ಬಿಚ್ಚಿ, ಕಿರುಬೆರಳು ಹಾಕಿ ನೋಡಿ. ಆಯಿಲ್ ಬೆರಳಿಗೆ ತಾಗುತ್ತಾ, ಯಾವ ಬಣ್ಣ ಇದೆ, ಅಷ್ಟೇ. ನೋಡಿದ ದಿನಾಂಕ, ಕಿಲೋಮೀಟರ್ ಎರಡನ್ನೂ ಡ್ಯಾಶ್‌ಬೋರ್ಡಿನ ಮೇಲೆ ಬರೆದಿಡಿ. ಚಿಕ್ಕಪ್ಪ ಬರೆದಿಟ್ಟಿದ್ದಾರೆ, ಕ್ರೇಟಿನ ಲೆಕ್ಕದ ಪಕ್ಕದಲ್ಲೇ.